ಅಮ್ಮ, ಎರಡೂವರೆ ನಿಮಿಷ

ಮನೆಯಿಂದ
ಮಾರ್ಚ್ ೯, ಭಾನುವಾರ ಬೆಳಿಗ್ಗೆ

ಅಣ್ಣಾ,

ರೂಢಿಯಂತೆ ಮುಂದೆ 'ಪ್ರೀತಿಯ' ಎಂದು ಸೇರಿಸಲು ಕೈ ಬರಲಿಲ್ಲ. ಆರೋಗ್ಯ ಹೇಗಿದೆ? ಮಂಡಿನೋವಿಗೆ ಡಾಕ್ಟರು ಮೆಟ್ಟಿಲನ್ನೇ ಹತ್ತಬೇಡ ಎಂದಿದ್ದಾರೆ ಅಂತ ನೀನೇ ಫೋನಿನಲ್ಲಿ ಹೇಳಿದ್ದೆ. ಶುಕ್ರವಾರ ಸಂಜೆ, ಅರವತ್ತಮೂರು ವರ್ಷದ ನೀನು ಸ್ಪೀಕರ್ ಪೆಟ್ಟಿಗೆಯ ಮೇಲಿಂದ ಧುಮುಕಿದ್ದನ್ನು ಕಣ್ಣಾರೆ ಕಂಡೆ. ವಾಸಿಯಾಗಿದೆ ಎಂದುಕೊಳ್ಳುತ್ತೇನೆ. ನಾನು ಚೆನ್ನಾಗಿಲ್ಲ. ಕೇಳುವವರು ಯಾರೂ ಇಲ್ಲವಾದ್ದರಿಂದ ನಾನೇ ಹೇಳಿಕೊಳ್ಳುತ್ತಿದ್ದೇನೆ.

ಹೌದು, ನಿನ್ನ ಕಾರ್ಯಕ್ರಮಕ್ಕೆ ಬಂದಿದ್ದೆ. ಅಮ್ಮ ಹೋಗಿ ಐದು ವಾರವಾಯಿತು, ನೀನು ಮನೆಯ ಕಡೆ ತಲೆ ಹಾಕಲಿಲ್ಲ. ಬಸ್ಸಿನಲ್ಲಿ ಎರಡು ಗಂಟೆ ದೂರದ ಊರಿಗೇ ಬರುತ್ತಿದ್ದೀಯೆಂದು ಗೋಡೆಯ ಪೋಸ್ಟರ್ ನೋಡಿ ತಿಳಿಯಿತು. ಮುಗಿದ ಮೇಲೆ ಒಳಗೆ ಬಂದು ನಿನ್ನನ್ನು ಕಾಣೋಣ, ಇಬ್ಬರೂ ಕೂತು ಒಂದು ಸಲ ಅತ್ತುಬಿಡೋಣ ಅಂತ ಹೊರಟೆ.

ನನಗೆ ಸಿಕ್ಕ ಜಾಗ ಕೊನೆಯ ಸಾಲಿನಲ್ಲಿ, ಸೌಂಡಿನವನ ಮೇಜಿನ ಪಕ್ಕ. 'ನಮ್ಮ ಕಿವುಡಪ್ಪ' ಅಂತ ಫೋನಿನಲ್ಲಿ ತಮಾಷೆ ಮಾಡುತ್ತಿದ್ದೆಯಲ್ಲ, ಅವನೇ. ನಾನು ಯಾರೆಂದು ಅವನಿಗೆ ಗೊತ್ತಿರಲಿಲ್ಲ, ನಾನೂ ಹೇಳಲಿಲ್ಲ. ಒಳ್ಳೆಯವನು, ಕಿವಿಗಿಟ್ಟುಕೊಳ್ಳಲು ಹತ್ತಿ ಕೊಟ್ಟ. ಸುಳ್ಳೇಕೆ ಹೇಳಲಿ, ಮೊದಲ ನಾಲ್ಕು ಹಾಡು ಚೆನ್ನಾಗಿದ್ದವು. ನಿನ್ನ ಯಂತ್ರಗಳ ತಾಳ ಎದೆಗೂಡಿನೊಳಗೆ ಯಾರೋ ಸೌದೆ ಒಡೆದಂತೆ ಬಡಿಯುತ್ತಿತ್ತು. ಅದರ ಮೇಲೆ ಗಿಟಾರ್ ಕಿರುಚಿದಾಗ ನನ್ನ ಕಾಲೂ ಆಡಿತು. ಹದಿನಾರಕ್ಕೇ ಮನೆಯ ರೇಡಿಯೋ ಬಿಚ್ಚಿ ಅದರಿಂದ ಊಳು ಹೊರಡಿಸಿದವನು ನೀನು. ಅಪ್ಪ ಬೈದರೆ ಅಮ್ಮ, 'ನನ್ನ ಮಗ ತಂತೀನೂ ಹಾಡಿಸ್ತಾನೆ' ಎಂದು ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಳು. ಹೆತ್ತವರಿಗೆ ಹೆಗ್ಗಣ ಮುದ್ದು.

ಐದನೆಯ ಹಾಡಿಗೆ ಮುಂಚೆ ಕಿವುಡಪ್ಪ ನನ್ನ ಕಡೆ ಬಾಗಿ, 'ಅಮ್ಮಾ, ಕರ್ಚೀಫ್ ಇದ್ರೆ ತೆಗೆದಿಟ್ಕೊಳ್ಳಿ, ಈಗ ಎಲ್ರೂ ಅಳ್ತಾರೆ' ಎಂದ. ಅವನ ಮೇಜಿಗೆ ಹಾಡುಗಳ ಪಟ್ಟಿ ಅಂಟಿಸಿತ್ತು. ಅದರಲ್ಲಿ ನಿನ್ನದೇ ಅಕ್ಷರ: 'ಅಮ್ಮ, ಎರಡೂವರೆ ನಿಮಿಷ.' ದೀಪಗಳು ಆರಿ ನಿನ್ನ ಮೇಲಿನದೊಂದೇ ಉಳಿಯಿತು, ನೀನು ಮೈಕಿನಲ್ಲಿ ಮಾತು ಶುರುಮಾಡಿದೆ. ಕೊನೆಯ ಬೆಳಿಗ್ಗೆ ಅಮ್ಮನ ಹಾಸಿಗೆಯ ಪಕ್ಕ ಕೂತಿದ್ದೆ ಎಂದೆ. ಚಮಚದಲ್ಲಿ ನೀರು ಕುಡಿಸಿದೆ ಎಂದೆ. ಬೆರಳ ತುದಿಯಿಂದ ಕೈ ತಣ್ಣಗಾಗುತ್ತ ಬಂತು ಎಂದೆ. 'ತಣ್ಣಗೆ' ಎಂಬ ಮಾತಿಗೆ ಸರಿಯಾಗಿ ಕಿವುಡಪ್ಪ ಒಂದು ಗುಂಡಿ ಒತ್ತಿದ, ಗಾಳಿ ಬೀಸುವ ಸದ್ದು ಬಂತು. ಆಮೇಲೆ, 'ಬೇಜಾರು ಮಾಡ್ಕೋಬೇಡ ಮಗನೇ, ಹಾಡ್ತಾ ಇರು' ಎಂದು ಅಮ್ಮ ನಿನ್ನ ಕೈ ಹಿಡಿದು ಹೇಳಿದಳು ಎಂದೆ. ಅಷ್ಟು ಜನವೂ ಅತ್ತರು. ಕಿವುಡಪ್ಪ ಪಿಸುಗುಟ್ಟಿದ: 'ಮೊದ್ಲು ನಾಲ್ಕು ನಿಮಿಷ ಇತ್ತು, ಎಳೆದಂಗಾಗ್ತಿತ್ತು. ಕಥೇಲಿ ಒಬ್ಬಳು ತಂಗಿ ಬರ್ತಿದ್ಲು, ಸರ್ ತೆಗೆದುಬಿಟ್ರು.'

ಅಲ್ಲಿಂದಲೇ ಎದ್ದು ಬಂದೆ.

ಮನೆಗೆ ಬಂದು ದಿನಚರಿ ತೆಗೆದೆ. 'ಹನ್ನೊಂದು ಹತ್ತಕ್ಕೆ ಅಮ್ಮ ಹೋದಳು. ಹನ್ನೆರಡಕ್ಕೆ ಅಣ್ಣನಿಗೆ ಫೋನ್. ನಾನಿಲ್ಲದೆ ಶೋ ನಡೆಯಲ್ಲ, ಬರೋಕಾಗಲ್ಲ ಅಂದ. ಎಲ್ಲವನ್ನೂ ಹೇಳಿದೆ.' ನೀರು, ಚಮಚ, ಬೆರಳು, ಒಂದೊಂದನ್ನೂ ಹೇಳಿದ್ದು ನಾನು. ದೂರವಿದ್ದವನಿಗೂ ಅಮ್ಮನ ಕೊನೆ ಒಂದಿಷ್ಟು ಸಿಗಲಿ ಎಂದು ಹೇಳಿದೆ. ನೀನು 'ನಿಧಾನಕ್ಕೆ ಹೇಳು, ನಿಧಾನಕ್ಕೆ' ಎನ್ನುತ್ತಿದ್ದೆ. ದುಃಖ ತಡೆಯಲಾಗದೆ ಎಂದುಕೊಂಡಿದ್ದೆ. ಬರೆದುಕೊಳ್ಳುತ್ತಿದ್ದೆಯಾ?

ಹನ್ನೊಂದು ತಿಂಗಳು ನಾನು ಅಮ್ಮನನ್ನು ಮಗ್ಗುಲು ಹೊರಳಿಸಿದೆ. ಆಗ ಒಂದು ದಿನಕ್ಕೂ ಬೇಡವಾಗಿದ್ದ ಹಾಸಿಗೆಯ ಪಕ್ಕದ ಜಾಗ ಈಗ ದೀಪದ ಕೆಳಗೆ ನಿನಗೆ ಬೇಕಾಯಿತು. ಇನ್ನೂ ಒಂಬತ್ತು ಊರು ಬಾಕಿ ಇವೆಯೆಂದು ಪೋಸ್ಟರಿನಲ್ಲಿದೆ. ಎಲ್ಲಾದರೂ ಹಾಡು, ಎಷ್ಟಾದರೂ ಕುಣಿ. ಆದರೆ ಅಮ್ಮನ ಹಾಸಿಗೆಯ ಸುದ್ದಿ ಇನ್ನು ನಿನ್ನ ಬಾಯಲ್ಲಿ ಬರಕೂಡದು. ಬಂದರೆ ಈ ಬಾಗಿಲಿಗೂ ನೀನು ಬರುವುದು ಬೇಡ.

ಮಂಡಿಗೆ ಎಣ್ಣೆ ಹಚ್ಚಿಕೋ. ಕಿವುಡಪ್ಪನಿಗೆ ನನ್ನ ನಮಸ್ಕಾರ ತಿಳಿಸು. ನಿನಗೆ ನಮಸ್ಕಾರ ಬರೆಯುವ ಮನಸ್ಸಿಲ್ಲ.

ಇಂತಿ,
ಕಥೆಯಿಂದ ನೀನು ತೆಗೆದ ತಂಗಿ

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಡಿಸಿದ್ದೇನೆ. 'ಬೇಜಾರು ಮಾಡ್ಕೋಬೇಡ, ಹಾಡ್ತಾ ಇರು' ಎಂದು ಅಮ್ಮ ಅನ್ನಲೇ ಇಲ್ಲ. ಬರಲಾಗದ್ದಕ್ಕೆ ನೀನು ಕೊರಗಬಾರದೆಂದು ಫೋನಿನಲ್ಲಿ ನಾನೇ ಕಟ್ಟಿ ಹೇಳಿದ್ದು. ಕೊನೆಯ ವಾರ ಅಮ್ಮ ನಿನ್ನ ಮಾತೇ ಎತ್ತಲಿಲ್ಲ. ಕಟ್ಟಕಡೆಗೆ ಅವಳು ಅಂದದ್ದು 'ದಿಂಬು ಸ್ವಲ್ಪ ಮೇಲೆ ಮಾಡು' ಅಂತ, ನನಗೆ. ಮಾಡುವಷ್ಟರಲ್ಲಿ ಹೋಗಿಬಿಟ್ಟಳು.