ಧರ್ಮಶಾಸ್ತ್ರ ಒಂದೇ ಎಂದು ಬರೆದವನು

ಚಾಮರಾಜಪೇಟೆ, ಜೂನ್ 2003

ಮಾರ್ಥಕ್ಕ,

ನಿನ್ನನ್ನು ಮಣ್ಣು ಮಾಡಿ ಬಂದು ಬರೆಯುತ್ತಿದ್ದೇನೆ. ನಮ್ಮ ಚರ್ಚಿನ ಸ್ಮಶಾನದಲ್ಲಿ ಅಮ್ಮನ ಪಕ್ಕದಲ್ಲಲ್ಲ, ಕಾರ್ಪೊರೇಷನ್ ಸ್ಮಶಾನದಲ್ಲಿ.

ಬೆಳಿಗ್ಗೆ ಚರ್ಚಿನ ಕಮಿಟಿಯ ಮುಂದೆ ನಿಂತು ಜಾಗ ಕೇಳಿದೆ. ಹಿರಿಯರಾದ ಸತ್ಯಮಿತ್ರ, "ಅನ್ಯಧರ್ಮದೋರನ್ನ ಮದ್ವೆ ಆದೋಳಿಗೆ ಇಲ್ಲಿ ಜಾಗ ಇಲ್ಲಪ್ಪ. ಅದು ದೇವರ ಕಾನೂನು" ಅಂದರು.

"ಎರಡು ಥರದ ನೂಲು ಬೆರೆಸಿದ ಬಟ್ಟೆ ಹಾಕ್ಬೇಡಿ ಅನ್ನೋದೂ ದೇವರ ಕಾನೂನೇ. ನೀವು ಟೆರಿಕಾಟ್ ಹಾಕಿದೀರಲ್ಲ ಸಾರ್?"

"ಅದು ಆಚಾರದ ನಿಯಮ, ಕ್ರಿಸ್ತನ ಜೊತೆ ಮುಗೀತು. ಇದು ನೀತಿಯ ನಿಯಮ. ಎರಡೂ ಬೇರೆ ಬೇರೆ."

ನನ್ನದು ಬೀದಿ ಹೋರಾಟದಲ್ಲಿ ಪಳಗಿದ ಗಂಟಲು. ಬೈಬಲ್ ತೆರೆದು ಯಾಜಕಕಾಂಡದ ಹತ್ತೊಂಬತ್ತನೆಯ ಅಧ್ಯಾಯವನ್ನು ಅವರ ಮೂಗಿನಡಿ ಹಿಡಿದೆ. ನೆರೆಯವನನ್ನು ಪ್ರೀತಿಸು ಎಂದ ಮರುವಚನದಲ್ಲೇ ಬಟ್ಟೆಯ ಮಾತಿದೆ. "ನಡುವೆ ಗೋಡೆ ಎಲ್ಲಿದೆ, ತೋರಿಸಿ. ನಿಮ್ಮ ಪ್ಯಾಂಟಿಗೊಂದು ಶಾಸ್ತ್ರ, ನಮ್ಮಕ್ಕನ ಹೆಣಕ್ಕೆ ಇನ್ನೊಂದಾ?"

ಅವರು ದನಿ ಏರಿಸಲಿಲ್ಲ. ಬೀರುವಿನಿಂದ ತೊಂಬತ್ತೊಂದರ ನಡಾವಳಿ ಪುಸ್ತಕ ತೆಗೆದು, ನೀನು ಕೆಂಪರಾಜುವನ್ನು ಮದುವೆಯಾದದ್ದಕ್ಕೆ ಸಭೆಯಿಂದ ನಿನ್ನ ಹೆಸರು ಹೊಡೆದುಹಾಕಿದ ಪುಟ ತಿರುಗಿಸಿದರು. "ಓದಪ್ಪ. ಆಗ ಸೆಕ್ರೆಟರಿ ನೀನೇ ತಾನೆ?"

"ಧರ್ಮಶಾಸ್ತ್ರವು ಒಂದೇ. ಒಂದನ್ನು ಮೀರಿದವಳು ಎಲ್ಲವನ್ನೂ ಮೀರಿದವಳು." ಕೆಳಗೆ ನನ್ನ ಸಹಿ. ಆ ಸಾಲನ್ನು ಯಾರೂ ಹೇಳಿ ಬರೆಸಿರಲಿಲ್ಲ.

ಮಧ್ಯಾಹ್ನ ಗುಂಡಿ ಮುಚ್ಚುವಾಗ ನಾನೂ ಗುದ್ದಲಿ ಎತ್ತಿದೆ. ಭಾವ ಕೆಂಪರಾಜು ಅದನ್ನು ಮೆಲ್ಲಗೆ ನನ್ನ ಕೈಯಿಂದ ಬಿಡಿಸಿಕೊಂಡ.

"ನೀವು ಆ ಕಡೆ ನಿಂತ್ಕೊಳಿ," ಅಂದ. "ನಾನು ಮುಚ್ತೀನಿ."

ಹೋಗಿ ಆ ಕಡೆ ನಿಂತುಕೊಂಡೆ.