ಗರಿಯ ಈಚೆಯ ಬೂದಿ

ಆಂಬ್ರಿಮ್, ಸೋಮವಾರ

ಅಕ್ಕಾ,

ನಮ್ಮ ತಮ್ಮ ನಾಕೌ ಬಿದ್ದು ಸತ್ತ ಜ್ವಾಲಾಮುಖಿಯ ಬಾಯಿಯವರೆಗೆ ಹೋಗಲಾಗಲಿಲ್ಲ. ಕಾಡು ಮುಗಿದು ಬೂದಿಬಯಲು ಶುರುವಾಗುವಲ್ಲಿ ಕಾಲುದಾರಿಗೆ ಅಡ್ಡಲಾಗಿ ನಮೆಲೆ ಮರದ ಗರಿ ಇಟ್ಟಿದ್ದಾರೆ. ದಾಟುವಂತಿಲ್ಲ ಎಂದು ನಿನಗೆ ಹೇಳಬೇಕಿಲ್ಲ. ಊರ ಮುಖಂಡ ಮಸೆಂಗ್ ಪಕ್ಕದಲ್ಲೇ ಕೂತಿದ್ದ.

“ಸತ್ತವನು ನನ್ನ ತಮ್ಮ” ಅಂದೆ.

“ಗೊತ್ತು ಮಾರಾಯ. ಅವನ ಸೂತಕಕ್ಕೇ ದಾರಿ ಮುಚ್ಚಿರೋದು. ದಾಟಿದ್ರೆ ಹಂದಿ ದಂಡ. ನಿನ್ನ ನೋಡಿದ್ರೆ ಕೋಳಿಗೂ ಗತಿ ಇದ್ದಂಗಿಲ್ಲ.”

ಇಬ್ಬರೂ ನಕ್ಕೆವು. ಗರಿ ಇನ್ನೂ ಬಾಡಿರಲಿಲ್ಲ.

ಹೊಗೆಗೆ ಕೆಮ್ಮು ಹತ್ತಿದೆ. ಗುರುವಾರದ ದೋಣಿಗೆ ಹೊರಡುತ್ತೇನೆ. ಅವನು ಬಿದ್ದ ಜಾಗದಿಂದ ಅಮ್ಮ ತರಹೇಳಿದ ಹಿಡಿ ಬೂದಿಯನ್ನು ಗರಿಯ ಈಚೆಯಿಂದಲೇ ತುಂಬಿಕೊಂಡಿದ್ದೇನೆ. ಎಲ್ಲಿಯದು ಎಂದು ಅವಳು ಕೇಳಿದಾಗ ನೀನೇ ಉತ್ತರ ಹೇಳು. ನನ್ನಿಂದ ಆಗದು.

ಇಯೋಲು