ಮನೆಯ ನೀರು ನೀಲಿಯಾಯಿತು

ಭೀಮರಾಯನಗುಡಿ
12 ನವೆಂಬರ್ 2024

ಪ್ರೀತಿಯ ಅಪ್ಪಾ,

ಹೇಗಿದ್ದೀಯ? ಕೆಮ್ಮು ಇಳಿಯಿತೇ? ಹಿನ್ನೀರಿನ ದಂಡೆಯಲ್ಲಿ ನಿನಗೆ ಫೋನ್ ಹತ್ತುವುದಿಲ್ಲ, ಅದಕ್ಕೇ ಇನಾಯತ ಕಾಕಾನ ಮೀನಿನ ಗಾಡಿಯಲ್ಲಿ ಈ ಪತ್ರ ಕಳಿಸುತ್ತಿದ್ದೇನೆ. ಬೀಡಿ ಕಟ್ಟು ಕೇಳಿದ್ದೆಯಂತೆ. ಕಳಿಸಿಲ್ಲ, ಬೈದುಕೋ.

ನನ್ನ ತಲೆ ಕೆಟ್ಟುಹೋಗಿದೆ ಅಪ್ಪಾ. ಹಳೆ ಬ್ಯಾಟರಿ ಒಡೆಯುವ ಶೆಡ್ಡಿನ ಕೊಳಚೆ ನೀರಿನಿಂದ ಸೀಸ ತೆಗೆಯುವುದು ನನ್ನ ಕೆಲಸ ಎಂದು ಹೇಳಿದ್ದೆನಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳ ನ್ಯಾನೋ ಪುಡಿ ಹಾಕುತ್ತೇವೆ, ಅದು ಸೀಸವನ್ನು ಹಿಡಿದುಕೊಳ್ಳುತ್ತದೆ. ಆಮೇಲೆ ಅಯಸ್ಕಾಂತ ಹಿಡಿದರೆ, ನೀನು ಬಲೆ ಎಳೆದ ಹಾಗೆ, ಪುಡಿಯೆಲ್ಲ ಒಂದೇ ಕಡೆ ಬರುತ್ತದೆ. ಉಳಿದ ನೀರಿಗೆ ಚಿನ್ನದ ಕಣಗಳ ಕೆಂಪು ದ್ರವ ಬಿಟ್ಟು ನೋಡುತ್ತೇವೆ. ಕೆಂಪಾಗಿಯೇ ಉಳಿದರೆ ಸೀಸ ಇಲ್ಲ, ನೀಲಿಯಾದರೆ ಇದೆ. ಕೊಳಚೆ ನೀರು ಪಾಸಾಯಿತು. ಫೇಲಾಗಿದ್ದು ಹೋಲಿಸಿ ನೋಡಲು ಮನೆಯಿಂದ ತಂದ ನೀರು! ದ್ರವ ಹೊಸದಾಗಿ ಮಾಡಿದೆ, ನೀಲಿ. ಬಾಟಲಿ ಬದಲಿಸಿದೆ, ಮತ್ತೆ ನೀಲಿ. ಗೈಡ್ ಸಂಜುಕುಮಾರ ಸರ್ ಎಲ್ಲರೆದುರೇ, "ಬಾಟ್ಲಿ ತೊಳಿಯಾಕ ಬರಂಗಿಲ್ಲ, ಪಿಎಚ್‌ಡಿ ಮಾಡಾಕ ಬಂದಾಳ" ಅಂದರು. ಸಿಟ್ಟಿಗೆ ಅಳುವೇ ಬಂತು.

ಭಾನುವಾರ ಊರಿಗೆ ಹೋಗಿ ಅವ್ವನನ್ನೇ ಹಿಡಿದು ಕೇಳಿದೆ, ನೀರು ಎಲ್ಲಿಂದ ತುಂಬಿ ಕೊಟ್ಟೆ ಎಂದು. "ಪರೀಕ್ಷಾಕ ಬೇಕು ಅಂದಿ, ಅದಕ್ಕ ನಿಮ್ಮಪ್ಪನ ಹರವಿದು ಕೊಟ್ಟೇನಿ, ನಿನಗ ಚೊಲೊ ಆಗ್ಲಿ ಅಂತ" ಅಂದಳು. ನೀನು ಹೊಳೆಗೆ ಹೊರಡುವಾಗ ಬಲೆಯ ಸೀಸದ ಗುಂಡು ಒಂದು ಹಿಡಿ ಕುಡಿಯುವ ನೀರಿನ ಆ ಮಣ್ಣಿನ ಹರವಿಯ ತಳಕ್ಕೆ ಬಿಡುವುದು, ಸುಖವಾಗಿ ಮರಳಿದ ಮೇಲೆಯೇ ತೆಗೆಯುವುದು ನಮ್ಮ ಮನೆಯ ಪದ್ಧತಿಯಲ್ಲವೇ? ಊರವರ ಸೀಸ ಹುಡುಕಲು ಹೊರಟ ನನಗೆ ಅದು ನೆನಪೇ ಆಗಲಿಲ್ಲ. ಯಾರ ಮೇಲೆ ಸಿಟ್ಟಾಗಲಿ ಹೇಳು.

ಗಾಳಿಗೆ ತಲೆಗೊಂದು ಟವೆಲ್ ಸುತ್ತಿಕೋ. ಜೊತೆಗಿರುವ ಯಂಕಣ್ಣ ಮಾವನಿಗೆ ನನ್ನ ಶರಣು ಹೇಳು.

ನಿನ್ನ ಜಗಳಗಂಟಿ ಮಗಳು,
ಗಂಗಾ

ತಾ.ಕ.: ಗಾಡಿ ಹೊರಟಿದೆ, ಮುಖ್ಯ ಮಾತು ಇದು. ನಿನ್ನ ಸೊಸೆ, ನಮ್ಮ ದಾನೇಶ್ವರಿ ವೈನಿಗೆ ಈಗ ಏಳನೇ ತಿಂಗಳು. ಹೆರಿಗೆ ಸಲೀಸಾಗಲಿ ಎಂದು ಅವ್ವ ದಿನಾ ಅದೇ ಹರವಿಯ ನೀರು ಕುಡಿಸುತ್ತಿದ್ದಾಳೆ. ಸೀಸ ಹೊಟ್ಟೆಯೊಳಗಿನ ಕೂಸಿಗೆ ವಿಷ ಅಪ್ಪಾ. ನಾಳೆ ವೈನಿಯನ್ನು ರಕ್ತ ಪರೀಕ್ಷೆಗೆ ಯಾದಗಿರಿಗೆ ಕರೆದೊಯ್ಯುತ್ತೇನೆ. ಆದರೆ ನಾನು ತೆಗೆದ ಗುಂಡನ್ನು ಅವ್ವ, "ನಿಮ್ಮಪ್ಪ ಇನ್ನಾ ಹೊಳ್ಯಾಗ ಅದಾನ, ಕೈ ಹಚ್ಚಬ್ಯಾಡ" ಎಂದು ಅಳುತ್ತಾ ಮತ್ತೆ ಹರವಿಗೇ ಹಾಕಿದಳು. ಇದೇ ಗಾಡಿ ಹತ್ತಿ ಬಾ ಅಪ್ಪಾ. ನಿನ್ನನ್ನು ಹೊಸ್ತಿಲಲ್ಲಿ ಕಣ್ಣಾರೆ ನೋಡುವ ತನಕ ಅವ್ವ ಆ ನೀರು ಚೆಲ್ಲುವುದಿಲ್ಲ.